ಮನೆಗೆಲಸದ ಲೆಕ್ಕ

ಎಂಟನೆಯ ಇಯತ್ತೆಯ ವಿದ್ಯಾರ್ಥಿಗಳಿಂದ ವರ್ಷಕ್ಕೊಮ್ಮೆಯಾದರೂ ‘ನನ್ನ ತಾಯಿ’ ಎಂಬ ವಿಷಯದ ಮೇಲೆ ಪ್ರಬಂಧವನ್ನು ಬರೆಯಿಸುವುದು ನನ್ನ ವಾಡಿಕೆ. ಬರುವ ಪ್ರಬಂಧಗಳಲ್ಲಿ ಹೆಚ್ಚಿನವು ಹೀಗೆ ತೊಡಗುತ್ತವೆ: “ನನ್ನ ತಂದೆಯವರು ಕೆಲಸ ಮಾಡುತ್ತಾರೆ. ನನ್ನ ತಾಯಿಯವರು ಮನೆಯಲ್ಲಿಯೇ ಇರುತ್ತಾರೆ.” ಒಬ್ಬ ಹುಡುಗನು ಈ ಎರಡು ವಾಕ್ಯಗಳನ್ನು ಬರೆದು, ಮೂರನೆಯ ವಾಕ್ಯದಲ್ಲಿ ತನ್ನ ತಾಯಿಯು ನಸುಕಿನ ನಾಲ್ಕೂವರೆಗೆ ಎದ್ದು ಚಾಳಿನ ನಳದಿಂದ ನೀರು ತುಂಬಿಸಿಡುವುದನ್ನೂ, ನಾಲ್ಕನೆಯದರಲ್ಲಿ ಮೂರು ಮಂದಿಯ ಡಬ್ಬಿಗಳನ್ನು ಕಟ್ಟುವುದನ್ನೂ, ಮುಂದೆ ಬಟ್ಟೆ, ಪಾತ್ರೆ, ಅಜ್ಜಿಯ ಔಷಧ, ತಂಗಿಯ ಜಡೆ ಎಂದು ಒಂದೂವರೆ ಪುಟದಷ್ಟು ವಿವರಗಳನ್ನೂ ಕೊಟ್ಟಿದ್ದನು. ನಾನು ಮೊದಲಿನ ಎರಡು ವಾಕ್ಯಗಳ ಕೆಳಗೆ ಕೆಂಪು ಗೆರೆಯನ್ನೆಳೆದೆ. ಹುಡುಗನು ವಹಿಯನ್ನು ಹಿಡಿದುಕೊಂಡು ಬಂದು, “ಸರ್, ಇದರಲ್ಲಿ ವ್ಯಾಕರಣದ ತಪ್ಪು ಯಾವುದು?” ಎಂದು ಕೇಳಿದನು. ವ್ಯಾಕರಣದ ತಪ್ಪು ಇರಲಿಲ್ಲ. ತಪ್ಪು ಇದ್ದದ್ದು ಲೆಕ್ಕದಲ್ಲಿ. ಅದನ್ನು ಅವನೊಬ್ಬನಿಗೇ ಹೇಳಿ ಮುಗಿಸುವುದಕ್ಕಿಂತ ಎಲ್ಲರೂ ಓದುವಂತೆ ಬರೆಯುವುದು ಲೇಸೆಂದು ತೋರಿತು.

ಕೆಲಸವೆಂದರೇನು? ಸಂಬಳ ಬರುವುದು ಕೆಲಸ, ಬಾರದುದು ಕೆಲಸವಲ್ಲ ಎಂದು ನಾವು ತಿಳಿದಿದ್ದೇವೆ. 1934ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞೆ ಮಾರ್ಗರೆಟ್ ರೀಡ್ ಎಂಬವರು ಗೃಹಕೃತ್ಯದ ಅರ್ಥಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನು ಬರೆದು, ಅದರಲ್ಲಿ ಬಹಳ ಸುಲಭವಾದ ಪರೀಕ್ಷೆಯೊಂದನ್ನು ಸೂಚಿಸಿದರು. ನೀವು ಮಾಡುತ್ತಿರುವುದನ್ನು ಮೂರನೆಯ ಒಬ್ಬರಿಗೆ ಹಣ ಕೊಟ್ಟು ಮಾಡಿಸಬಹುದೆ? ಮಾಡಿಸಬಹುದಾದರೆ ಅದು ಕೆಲಸ. ಊಟವನ್ನು ನಮಗಾಗಿ ಬೇರೊಬ್ಬರು ಉಣ್ಣಲಾರರು. ಆದುದರಿಂದ ಉಣ್ಣುವುದು ಕೆಲಸವಲ್ಲ. ಅಡಿಗೆಯನ್ನು ಬೇರೊಬ್ಬರು ಮಾಡಬಲ್ಲರು. ಆದುದರಿಂದ ಅಡಿಗೆ ಕೆಲಸ. ನಿದ್ರೆ ಕೆಲಸವಲ್ಲ, ಮಗುವನ್ನು ನಿದ್ರೆಮಾಡಿಸುವುದು ಕೆಲಸ. ಈ ಪರೀಕ್ಷೆಯನ್ನು ಇಟ್ಟುಕೊಂಡು ಆ ಹುಡುಗನ ಪ್ರಬಂಧವನ್ನು ಇನ್ನೊಮ್ಮೆ ಓದಿದರೆ, “ಮನೆಯಲ್ಲಿಯೇ ಇರುತ್ತಾರೆ” ಎಂಬ ಮಾತು ಎಷ್ಟು ದೊಡ್ಡ ಕೆಲಸವನ್ನು ಮುಚ್ಚಿಟ್ಟಿದೆಯೆಂಬುದು ಗೊತ್ತಾಗುತ್ತದೆ.

ಈ ತಪ್ಪನ್ನು ಮಾಡಿದವರು ಮಕ್ಕಳು ಮಾತ್ರವಲ್ಲ. 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳು ಮೊದಲಾದವರೊಡನೆ ‘ದುಡಿಯದವರು’ ಎಂಬ ಒಂದೇ ಗುಂಪಿಗೆ ಸೇರಿಸಿದ್ದರು. 2010ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಒಂದು ತೀರ್ಪಿನಲ್ಲಿ ಇದನ್ನು ಕಟುವಾಗಿ ಟೀಕಿಸಿತು. 2021ರ ಜನವರಿಯಲ್ಲಿ ಅದೇ ನ್ಯಾಯಾಲಯದ ಮುಂದೆ, ರಸ್ತೆಯ ಅಪಘಾತದಲ್ಲಿ ಮಡಿದ ದಂಪತಿಗಳ ಮಕ್ಕಳಿಗೆ ಸಲ್ಲಬೇಕಾದ ಪರಿಹಾರದ ಪ್ರಶ್ನೆ ಬಂದಿತು. ಸಂಬಳವಿಲ್ಲದ ತಾಯಿಯ ದುಡಿಮೆಗೂ ಒಂದು ಬೆಲೆಯನ್ನು ಕಟ್ಟಲೇಬೇಕೆಂದು ನ್ಯಾಯಮೂರ್ತಿ ಎನ್. ವಿ. ರಮಣ ಅವರು ವಿವರವಾಗಿ ಬರೆದರು. ತಾಯಿ ಬದುಕಿರುವಾಗ ಯಾರೂ ಕಟ್ಟದ ಬೆಲೆಯನ್ನು ಆಕೆ ಮಡಿದ ಮೇಲೆ ನ್ಯಾಯಾಧೀಶರು ಕಟ್ಟಬೇಕಾಗಿ ಬಂದುದು ವಿಚಾರಮಾಡತಕ್ಕ ಸಂಗತಿ.

ಇನ್ನು ಲೆಕ್ಕಕ್ಕೆ ಬರೋಣ. ಜನರು ದಿನದ 24 ಗಂಟೆಗಳನ್ನು ಹೇಗೆ ಕಳೆಯುತ್ತಾರೆಂಬುದನ್ನು ತಿಳಿಯಲು ಭಾರತ ಸರಕಾರವು 2019ರಲ್ಲಿ ದೇಶವ್ಯಾಪಿಯಾದ ಸಮಯ ಬಳಕೆಯ ಸಮೀಕ್ಷೆಯನ್ನು ನಡೆಸಿತು. 6 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ ಎಲ್ಲರೂ ಇದರಲ್ಲಿ ಸೇರಿದ್ದರು. ಅಂದರೆ ನಿಮ್ಮ ಪ್ರಾಯದವರೂ ಇದ್ದರು. ಸಂಬಳವಿಲ್ಲದ ಮನೆಗೆಲಸದಲ್ಲಿ ದಿನಕ್ಕೆ ಸ್ತ್ರೀಯರು 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಕಳೆಯುತ್ತಾರೆಂದು ಆಗ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಪುರುಷರು ಮೂರರಲ್ಲೊಂದು ಪಾಲನ್ನಾದರೂ ಮಾಡುತ್ತಾರಲ್ಲ, ಅಷ್ಟೇನೂ ಕಡಿಮೆಯಲ್ಲ ಎಂದು ಓದಿದವರು ಸಮಾಧಾನಪಟ್ಟಿರಬಹುದು. ಇಲ್ಲಿಯೇ ಗಣಿತದ ವಿದ್ಯಾರ್ಥಿಯು ಎಚ್ಚರವಾಗಿರಬೇಕು. ಈ ಸರಾಸರಿಯು ಮನೆಗೆಲಸವನ್ನು ಮಾಡಿದವರ ಸರಾಸರಿಯೇ ಹೊರತು ಎಲ್ಲರ ಸರಾಸರಿಯಲ್ಲ. ಮಾಡಿದವರು ಎಷ್ಟು ಮಂದಿ? ಸ್ತ್ರೀಯರಲ್ಲಿ ಶೇಕಡಾ 81.2, ಪುರುಷರಲ್ಲಿ ಶೇಕಡಾ 26.1. ಮಾಡದವರ ಸೊನ್ನೆಯನ್ನೂ ಸೇರಿಸಿ ನೀವೇ ಗುಣಿಸಿ ನೋಡಿ. ಎಲ್ಲ ಸ್ತ್ರೀಯರ ಸರಾಸರಿ 243 ನಿಮಿಷ. ಎಲ್ಲ ಪುರುಷರ ಸರಾಸರಿ ಕೇವಲ 25 ನಿಮಿಷ. ಮೂರಕ್ಕೊಂದು ಎಂದು ತೋರಿದ್ದು ಹತ್ತಕ್ಕೊಂದು ಆಯಿತು. ಮಕ್ಕಳ, ಮುದುಕರ, ಕಾಯಿಲೆಯವರ ಆರೈಕೆಯನ್ನು ಇದೇ ರೀತಿಯಲ್ಲಿ ಲೆಕ್ಕಹಾಕಿದರೆ ಸ್ತ್ರೀಯರದು 37 ನಿಮಿಷ, ಪುರುಷರದು 11.

“ತಂದೆಯವರು ಹೊರಗೆ ದುಡಿಯುವುದಿಲ್ಲವೆ? ಅದನ್ನೇಕೆ ಬಿಟ್ಟಿರಿ?” ಎಂದು ಒಬ್ಬರಾದರೂ ಕೇಳಬೇಕು, ಕೇಳದಿದ್ದರೆ ನನ್ನ ಪಾಠ ವ್ಯರ್ಥ. ಅದೂ ನ್ಯಾಯವಾದ ಪ್ರಶ್ನೆ. ಅದೇ ಸಮೀಕ್ಷೆಯಂತೆ ಸಂಪಾದನೆಯ ಕೆಲಸದಲ್ಲಿದ್ದ ಪುರುಷರು ಶೇಕಡಾ 57.3, ಅವರು ದಿನಕ್ಕೆ ಕಳೆದದ್ದು 459 ನಿಮಿಷ; ಸ್ತ್ರೀಯರು ಶೇಕಡಾ 18.4, ಅವರದು 333 ನಿಮಿಷ. ಎಲ್ಲರ ಮೇಲೆ ಹರಡಿದರೆ ಪುರುಷರದು 263 ನಿಮಿಷ, ಸ್ತ್ರೀಯರದು 61. ಈಗ ಮೂರನ್ನೂ, ಎಂದರೆ ಸಂಪಾದನೆ, ಮನೆಗೆಲಸ, ಆರೈಕೆ ಇವುಗಳನ್ನು ಕೂಡಿಸಿ. ಸ್ತ್ರೀಯರದು 341 ನಿಮಿಷ, ಪುರುಷರದು 299. (299 ಎಂಬ ಸಂಖ್ಯೆ ಮತ್ತೊಮ್ಮೆ ಬಂದದ್ದು ಆಕಸ್ಮಿಕ, ಗೊಂದಲಪಡಬೇಡಿ.) ವ್ಯತ್ಯಾಸ ದಿನಕ್ಕೆ 42 ನಿಮಿಷ. ನಮ್ಮ ಶಾಲೆಯ ಒಂದು ತಾಸಿಗಿಂತ ತುಸು ಹೆಚ್ಚು, ಅಷ್ಟೇ ತಾನೆ ಎನ್ನುವಿರೇನು? ಅದನ್ನು 365ರಿಂದ ಗುಣಿಸಿದರೆ ವರ್ಷಕ್ಕೆ 255 ಗಂಟೆಗಳಾಗುತ್ತವೆ. ದಿನಕ್ಕೆ 8 ಗಂಟೆಯ ದುಡಿಮೆಯಂತೆ ಹಿಡಿದರೆ 32 ದಿನಗಳು. ಪುರುಷರ ವರ್ಷಕ್ಕೆ ಹನ್ನೆರಡು ತಿಂಗಳಾದರೆ ಸ್ತ್ರೀಯರ ವರ್ಷಕ್ಕೆ ಹದಿಮೂರು.

2024ರಲ್ಲಿ ಸಮೀಕ್ಷೆ ಪುನಃ ನಡೆಯಿತು. ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರ ಸರಾಸರಿ 299ರಿಂದ 289 ನಿಮಿಷಕ್ಕೆ ಇಳಿಯಿತು. ಪುರುಷರದು ಏರಿರಬೇಕೆಂದು ನಾನು ಊಹಿಸಿದ್ದೆ. ಅದು ಕೂಡ 97ರಿಂದ 88ಕ್ಕೆ ಇಳಿದಿತ್ತು.

ಇದೆಲ್ಲ ಅಂಕಿಗಳ ಮಾತಾಯಿತು. ಅಂಕಿಗಳ ಹಿಂದೆ ಏನಿರುತ್ತದೆಂಬುದು ನನಗೆ ತಿಳಿದದ್ದು ನನ್ನದೇ ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನನ್ನ ವರ್ಗದಲ್ಲಿ ಗಣಿತದಲ್ಲಿ ಬಹಳ ಚುರುಕಾದ ಒಬ್ಬ ವಿದ್ಯಾರ್ಥಿನಿಯಿದ್ದಳು. ಆದರೆ ಗೃಹಪಾಠವನ್ನು ಮುಗಿಸಿ ತಂದ ದಿನ ಅಪರೂಪ. ಎರಡು ಸಲ ಅವಳನ್ನು ವರ್ಗದ ಮುಂದೆ ನಿಲ್ಲಿಸಿ ಗದರಿಸಿದೆ. ಮೂರನೆಯ ಸಲ, ಮನೆಯವರನ್ನು ಶನಿವಾರ ಮಧ್ಯಾಹ್ನ ಕರೆದುಕೊಂಡು ಬರಬೇಕೆಂದು ಹೇಳಿದೆ. ಶನಿವಾರ ಬಂದವಳು ಅವಳೊಬ್ಬಳೇ. ಕಂಕುಳಲ್ಲಿ ಎರಡು ವರ್ಷದ ತಮ್ಮನಿದ್ದನು.

“ಅಮ್ಮ ಕೆಲಸಕ್ಕೆ ಹೋಗಿದ್ದಾರೆ, ಸರ್. ರಾತ್ರಿ ಹತ್ತಕ್ಕೆ ಬರುತ್ತಾರೆ. ಇವನನ್ನು ಬಿಟ್ಟು ಬರಲು ಆಗಲಿಲ್ಲ.”

“ಸಂಜೆ ಮನೆಯಲ್ಲಿ ಮತ್ತಾರೂ ಇರುವುದಿಲ್ಲವೇನಮ್ಮ?”

“ಅಣ್ಣ ಇರುತ್ತಾನೆ, ಸರ್. ಅವನಿಗೆ ಎಸ್.ಎಸ್.ಸಿ. ಪರೀಕ್ಷೆ, ಅವನನ್ನು ಏಳಿಸಬಾರದು. ಅಪ್ಪ ಆರಕ್ಕೆ ಬರುತ್ತಾರೆ. ಆದರೆ ಮಗುವನ್ನು ನೋಡಿಕೊಳ್ಳಲು ಅವರಿಗೆ ಬರುವುದಿಲ್ಲ.”

ನಲವತ್ತು ವರ್ಷದ ತಂದೆಗೆ ಬಾರದ ವಿದ್ಯೆ ಹದಿಮೂರು ವರ್ಷದ ಮಗಳಿಗೆ ಬಂದಿತ್ತು. ಗೃಹಪಾಠವನ್ನೇಕೆ ಮಾಡಲಿಲ್ಲವೆಂದು ನಾನು ಆಮೇಲೆ ಕೇಳಲಿಲ್ಲ. ಅಂದಿನವರೆಗೆ, ಗಂಡ ಮಾಡದೆ ಬಿಟ್ಟ ಕೆಲಸವು ಹೆಂಡತಿಯ ತಲೆಯ ಮೇಲೆ ಬೀಳುತ್ತದೆಂದು ಮಾತ್ರ ನಾನು ತಿಳಿದಿದ್ದೆ. ಹೆಂಡತಿಯೂ ಹೊರಗೆ ದುಡಿಯಲು ಹೊರಟಾಗ ಅದು ಅಲ್ಲಿಂದ ಜಾರಿ ಮಗಳ ತಲೆಯ ಮೇಲೆ ಬೀಳುತ್ತದೆ. ಮಗನ ತಲೆಯ ಮೇಲೆ ಬೀಳುವುದಿಲ್ಲ. ಸಮೀಕ್ಷೆಯವರು 6 ವರ್ಷದಿಂದಲೇ ಎಣಿಕೆಯನ್ನು ಆರಂಭಿಸಿದ್ದೇಕೆಂಬುದು ನನಗೆ ಆಗ ಅರ್ಥವಾಯಿತು.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಶೀಲ್ಡ್ ಅವರು 1989ರಲ್ಲಿ ಬರೆದ ಒಂದು ಪುಸ್ತಕದಲ್ಲಿ, ನೌಕರಿ ಮಾಡುವ ತಾಯಂದಿರು ಸಂಜೆ ಮನೆಗೆ ಬಂದೊಡನೆ ‘ಎರಡನೆಯ ಪಾಳಿ’ಯನ್ನು ಆರಂಭಿಸುತ್ತಾರೆಂದು ವಿವರಿಸಿದ್ದಾರೆ. ಗಿರಣಿಗಳ ಪಾಳಿಗಳನ್ನು ಕಂಡ ಮುಂಬಯಿಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ವ್ಯತ್ಯಾಸವೆಂದರೆ, ಗಿರಣಿಯಲ್ಲಿ ಒಂದು ಪಾಳಿಯವರು ಹೊರಬಿದ್ದಾಗ ಇನ್ನೊಂದು ಪಾಳಿಯವರು ಒಳಗೆ ಬರುತ್ತಿದ್ದರು.

ಅಡಿಗೆ, ಶಿಶುಪಾಲನೆ ಇವು ಪುರುಷರಿಗೆ ‘ಬರುವುದಿಲ್ಲ’ ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸೋಣ. ಒಳ್ಳೆಯ ಅಡಿಗೆಯನ್ನು ಹೊಗಳುವಾಗ ನಾವು ನಳಪಾಕವೆನ್ನುತ್ತೇವೆ, ಭೀಮಪಾಕವೆನ್ನುತ್ತೇವೆ. ಒಬ್ಬನು ನಿಷಧದ ರಾಜ; ಇನ್ನೊಬ್ಬನು ವಿರಾಟನ ಅರಮನೆಯಲ್ಲಿ ವಲಲನೆಂಬ ಹೆಸರಿನಿಂದ ಒಂದು ವರ್ಷ ಬಾಣಸಿಗನಾಗಿದ್ದವನು. ದಮಯಂತೀಪಾಕವೆಂದೋ ದ್ರೌಪದೀಪಾಕವೆಂದೋ ಯಾರೂ ಅನ್ನುವುದಿಲ್ಲ! ಪುರಾಣ ಹಾಗಿರಲಿ, ಮಾಟುಂಗಾಕ್ಕೆ ಹೋಗಿ ನೋಡಿ. 1942ರಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಿಂದ ಹಿಡಿದು ಈ ನಗರದ ಮೂಲೆಮೂಲೆಯ ಉಡುಪಿ ಹೋಟೆಲುಗಳವರೆಗೆ ಅನ್ನ ಸಾರುಗಳನ್ನು ಲಕ್ಷಾಂತರ ಮಂದಿಗೆ ಬಡಿಸಿದವರಲ್ಲಿ ನಮ್ಮ ಊರುಗಳ ಪುರುಷರೇ ಹೆಚ್ಚು. ಇಡ್ಲಿಯ ಹಿಟ್ಟು ಎಷ್ಟು ಹುಳಿಯಬೇಕೆಂಬುದನ್ನು ಮೂಸಿಯೇ ಹೇಳಬಲ್ಲ ಭಟ್ಟರು ಇದ್ದಾರೆ. ನಮ್ಮ ಹಿರಿಯರ ಪೀಳಿಗೆಯಲ್ಲಿ, ಊರಿನಿಂದ ಒಂಟಿಯಾಗಿ ಬಂದು ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಇದ್ದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಹುಡುಗರು ಅನೇಕರು. ಕೋಣೆಯ ಅಡಿಗೆ, ಕಸ, ಪಾತ್ರೆಗಳಿಗೆ ಸರದಿಯಿರುತ್ತಿತ್ತು; ಸರದಿ ತಪ್ಪಿಸಿದವನಿಗೆ ಬೈಗಳೂ ಇರುತ್ತಿತ್ತು. ಹೀಗೆ ಹತ್ತು ವರ್ಷ ತಮ್ಮ ಬಟ್ಟೆಯನ್ನು ತಾವೇ ಒಗೆದು, ತಮ್ಮ ಅನ್ನವನ್ನು ತಾವೇ ಬೇಯಿಸಿಕೊಂಡವರು ಮದುವೆಯಾದ ಮರುವಾರದಿಂದ ಚಹಾ ಮಾಡುವುದನ್ನೂ ಮರೆತುಬಿಟ್ಟರೆಂದರೆ ಏನು ಹೇಳೋಣ? ಕೈಗೆ ಬಂದ ವಿದ್ಯೆ ಹಾಗೆ ಮಾಯವಾಗುವುದಿಲ್ಲ. ಸರದಿಯ ಪಟ್ಟಿಯಿಂದ ಹೆಸರನ್ನು ತೆಗೆದುಹಾಕಿದ್ದರು, ಅಷ್ಟೆ.

ಶಿಶುಪಾಲನೆಯ ಮಾತು ಸ್ವಲ್ಪ ಬೇರೆ. ಮೊಲೆಹಾಲನ್ನು ತಂದೆ ಕೊಡಲಾರನು, ನಿಜ. ಆದರೆ ಮಿಕ್ಕುದೆಲ್ಲವೂ ಕಲಿತು ಬರುವಂಥದು. ತಾಯಿಗೂ ಅದು ಹುಟ್ಟಿನಿಂದ ಬಂದಿರುವುದಿಲ್ಲ. ಇಲ್ಲಿ ನಮ್ಮ ಒಂದು ಸಂಪ್ರದಾಯದ ಕಡೆಗೆ ನಿಮ್ಮ ಗಮನವನ್ನು ಸೆಳೆಯಬೇಕು. ಸೀಮಂತವಾದ ಬಳಿಕ ಗರ್ಭಿಣಿಯು ತವರಿಗೆ ಹೋಗುತ್ತಾಳೆ. ಮುಂಬಯಿಯ ನಮ್ಮ ಮನೆಗಳಿಂದ ಕುಂದಾಪುರಕ್ಕೋ, ಕುಮಟೆಗೋ, ವಿಜಾಪುರದ ಕಡೆಗೋ ಹೋದವಳು ಬಾಣಂತನ ಮುಗಿಸಿ, ಮಗುವಿಗೆ ಮೂರು ತಿಂಗಳೋ ಐದು ತಿಂಗಳೋ ತುಂಬಿದ ಮೇಲೆ ಹಿಂತಿರುಗುತ್ತಾಳೆ. ತವರಿನಲ್ಲಿ ವಿಶ್ರಾಂತಿಯಿದೆ, ಎಣ್ಣೆನೀರಿದೆ, ಅನುಭವಿಯಾದ ತಾಯಿಯ ಕೈಯಿದೆ. ಆ ಪದ್ಧತಿಯನ್ನು ನಾನು ಹಳಿಯುವುದಿಲ್ಲ. ಆದರೆ ಆ ತಿಂಗಳುಗಳಲ್ಲಿ ಮಗುವಿನ ಕುತ್ತಿಗೆಗೆ ಕೈಕೊಟ್ಟು ಎತ್ತುವುದನ್ನು, ಅಳುವಿನಿಂದ ಹಸಿವು ಯಾವುದು, ಹೊಟ್ಟೆನೋವು ಯಾವುದು ಎಂದು ತಿಳಿಯುವುದನ್ನು, ಸ್ನಾನ ಮಾಡಿಸುವುದನ್ನು ತಾಯಿ ದಿನದಿನವೂ ಕಲಿಯುತ್ತಾಳೆ. ತಂದೆಯಾದರೋ ಎರಡು ದಿನದ ರಜೆಯಲ್ಲಿ ತೊಟ್ಟಿಲಿನ ಶಾಸ್ತ್ರಕ್ಕೆ ಹೋಗಿ, ಮಗುವನ್ನು ಐದು ನಿಮಿಷ ತೊಡೆಯ ಮೇಲಿಟ್ಟುಕೊಂಡು, ಅದು ಅತ್ತೊಡನೆ ಹಿಂದಕ್ಕೆ ಕೊಟ್ಟು ಬರುತ್ತಾನೆ. ಐದು ತಿಂಗಳ ಮೇಲೆ ಮನೆಗೆ ಬರುವವರು ಪಾಠವೆಲ್ಲ ಮುಗಿಸಿದ ಒಬ್ಬಳು ತಾಯಿ ಮತ್ತು ಅವಳನ್ನೇ ಬಲ್ಲ ಒಂದು ಮಗು. ಆಗ ತಂದೆ ಎತ್ತಿಕೊಂಡರೆ ಮಗು ಅಳುತ್ತದೆ. ಅತ್ತುದರಿಂದ “ನಿಮಗೆ ಬರುವುದಿಲ್ಲ, ಇಲ್ಲಿ ಕೊಡಿ” ಎಂಬ ಮಾತು ಬರುತ್ತದೆ. ಆ ಮಾತು ಇಪ್ಪತ್ತು ವರ್ಷ ನಡೆಯುತ್ತದೆ. ವರ್ಗಕ್ಕೆ ಐದು ತಿಂಗಳು ತಡವಾಗಿ ಬಂದ ಹುಡುಗನನ್ನು ನಾವು ದಡ್ಡನೆಂದು ತೀರ್ಮಾನಿಸುತ್ತೇವೆಯೆ? ಹಿಂದಿನ ಪಾಠಗಳನ್ನು ಹೇಳಿಕೊಟ್ಟು ಅವನನ್ನು ಸರಿಗಟ್ಟಿಸುತ್ತೇವೆ.

ತಂದೆಯ ಮೈಯೂ ಮಗುವಿಗೆ ಆಗುತ್ತದೆಂಬುದಕ್ಕೆ ವೈದ್ಯಶಾಸ್ತ್ರದ ಸಾಕ್ಷಿಯಿದೆ. 1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ, ತೂಕ ಕಡಿಮೆಯಿದ್ದ ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಬಂದಾಗ, ಎದ್ಗರ್ ರೇ ಎಂಬ ವೈದ್ಯರು ಕೂಸನ್ನು ಬರಿಯ ಎದೆಗೆ ಒತ್ತಿ ಕಟ್ಟಿಕೊಳ್ಳುವ ಕ್ರಮವನ್ನು ಆರಂಭಿಸಿದರು. ಅದಕ್ಕೆ ಕಾಂಗರೂ ಪಾಲನೆಯೆಂದು ಹೆಸರಾಯಿತು. ಇಂದು ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ಇದು ನಡೆಯುತ್ತಿದೆ. ತಾಯಿಗೆ ಆಗದಾಗ ತಂದೆಯ ಎದೆಗೂ ಕೂಸನ್ನು ಕಟ್ಟುತ್ತಾರೆ. ಶಾಖವು ಎದೆಯದು, ಅದು ಯಾರ ಎದೆಯೆಂದು ಕೂಸು ಕೇಳುವುದಿಲ್ಲ.

ಗಾಂಧೀಜಿಯವರ ಆತ್ಮಕಥೆಯಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಎರಡು ಪ್ರಸಂಗಗಳಿವೆ. ಎರಡನ್ನೂ ಜೊತೆಯಾಗಿ ಓದಬೇಕು. 1900ರಲ್ಲಿ ಅವರ ಕೊನೆಯ ಮಗ ದೇವದಾಸರು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದಾಗ ಹೆರಿಗೆಯ ಹೊತ್ತಿಗೆ ವೈದ್ಯರಾಗಲಿ ಸೂಲಗಿತ್ತಿಯಾಗಲಿ ಒದಗಲಿಲ್ಲ. ಡಾಕ್ಟರ್ ತ್ರಿಭುವನದಾಸರು ಗುಜರಾತಿಯಲ್ಲಿ ಬರೆದ ತಾಯಂದಿರ ಕೈಪಿಡಿಯೊಂದನ್ನು ಗಾಂಧೀಜಿಯವರು ಮೊದಲೇ ಮನಗೊಟ್ಟು ಓದಿದ್ದರು. ಹೆರಿಗೆಯನ್ನು ತಾವೇ ನಿಂತು ಮಾಡಿಸಿದರು, ಕೂಸಿನ ಆರೈಕೆಯನ್ನೂ ಮಾಡಿದರು. ಇನ್ನೊಂದು ಪ್ರಸಂಗ ಅದಕ್ಕಿಂತ ಎರಡು ವರ್ಷ ಹಿಂದಿನದು. ಮನೆಯಲ್ಲಿ ತಂಗಿದ್ದ ಗುಮಾಸ್ತರೊಬ್ಬರ ಮೂತ್ರದ ಪಾತ್ರೆಯನ್ನು ಕಸ್ತೂರಬಾ ಅವರು ಹೊರಬೇಕೆಂದಷ್ಟೇ ಅಲ್ಲ, ನಗುನಗುತ್ತ ಹೊರಬೇಕೆಂದು ಅವರು ಹಟ ಹಿಡಿದು, ಜಗಳವಾಗಿ, ಪತ್ನಿಯ ಕೈಹಿಡಿದು ಬಾಗಿಲಿನವರೆಗೆ ಎಳೆದುಕೊಂಡು ಹೋದರು. ಅದನ್ನು ಅವರು ನಾಚಿಕೆಯಿಂದಲೇ ಬರೆದಿದ್ದಾರೆ. ಮೊದಲನೆಯದರಲ್ಲಿ ಅವರು ಕೆಲಸವನ್ನು ಕಲಿತು ತಾವು ಹೊತ್ತುಕೊಂಡರು. ಎರಡನೆಯದರಲ್ಲಿ ತಮ್ಮ ಆದರ್ಶದ ಹೊರೆಯನ್ನು ಇನ್ನೊಬ್ಬರ ತಲೆಯ ಮೇಲೆ ಇಟ್ಟರು.

ನನ್ನ ಮನೆಯ ಮಾತನ್ನೂ ಹೇಳಿಬಿಡುತ್ತೇನೆ. ನಾನು ಮಗುವಿನ ಬಟ್ಟೆ ಒಗೆಯುತ್ತಿದ್ದೆ, ಭಾಜಿ ತರುತ್ತಿದ್ದೆ, ರವಿವಾರ ಚಪಾತಿಯನ್ನೂ ಲಟ್ಟಿಸುತ್ತಿದ್ದೆ. ಒಂದು ದಿನ ಯಾವುದೋ ಮಾತಿಗೆ, “ನಾನು ನಿನಗೆ ಇಷ್ಟೆಲ್ಲ ಸಹಾಯ ಮಾಡುತ್ತೇನಲ್ಲ” ಎಂದೆ. ನನ್ನ ಪತ್ನಿ ಸಿಟ್ಟಾಗಲಿಲ್ಲ. “ಮಾಡುತ್ತೀರಿ. ಆದರೆ ಸಹಾಯವೆಂದಮೇಲೆ ಕೆಲಸ ನನ್ನದೆಂದಾಯಿತು. ಇವನಿಗೆ ಮುಂದಿನ ಲಸಿಕೆ ಯಾವಾಗ, ಹೇಳಿ ನೋಡೋಣ” ಎಂದಳು. ನನಗೆ ಗೊತ್ತಿರಲಿಲ್ಲ. ಪ್ರತಿಯೊಂದು ಸಲವೂ ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಹೋದವನು ನಾನೇ. ಹುಟ್ಟಿದಾಗ ಬಿ.ಸಿ.ಜಿ., ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಮತ್ತೆ, ಒಂಬತ್ತು ತಿಂಗಳು ತುಂಬಿದಾಗ ದಡಾರದ್ದು ಎಂಬ ಪಟ್ಟಿ ಮಾತ್ರ ಅವಳ ತಲೆಯಲ್ಲಿತ್ತು. ನಾನು ಹೇಳಿದ ದಿನ ಹೋಗುವ ಹಮಾಲಿಯಾಗಿದ್ದೆ.

ಸಮೀಕ್ಷೆಯ ನಿಮಿಷಗಳಲ್ಲಿ ಸುಲಭವಾಗಿ ಸಿಕ್ಕದಿರುವುದು ಈ ನೆನಪಿನ ಕೆಲಸ. ಅಕ್ಕಿ ಎಷ್ಟು ಉಳಿದಿದೆ, ಗ್ಯಾಸಿನ ಸಿಲಿಂಡರ್ ಎಂದು ಮುಗಿಯುವುದು, ಯಾರಿಗೆ ಯಾವ ಪಲ್ಯ ಆಗದು, ಶಾಲೆಯ ಶುಲ್ಕಕ್ಕೆ ಕೊನೆಯ ದಿನ ಯಾವುದು ಎಂಬುವನ್ನು ತಲೆಯಲ್ಲಿಟ್ಟುಕೊಂಡಿರುವುದಕ್ಕೆ ಕೈ ಆಡಿಸಬೇಕಾಗಿಲ್ಲ. ಆದರೆ ಅದಕ್ಕೆ ಬಿಡುವೂ ಇಲ್ಲ. ಆದುದರಿಂದ ದಂಪತಿಗಳು ಕೆಲಸವನ್ನು ಹಂಚಿಕೊಳ್ಳುವಾಗ ತುಂಡುತುಂಡಾಗಿ ಹಂಚಿಕೊಳ್ಳದೆ ಇಡಿಯಾಗಿ ಹಂಚಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಬೆಳಗಿನ ಡಬ್ಬಿ ತಂದೆಯ ಪಾಲಿಗೆ ಬಂದಿತೆನ್ನೋಣ. ಮುಂಬಯಿಯ ಡಬ್ಬಾವಾಲಾಗಳು 1890ರಿಂದಲೂ ಮನೆಯ ಊಟವನ್ನು ಹೊತ್ತಿಗೆ ಸರಿಯಾಗಿ ಕಚೇರಿಗೆ ಮುಟ್ಟಿಸುತ್ತ ಬಂದು ಜಗತ್ಪ್ರಸಿದ್ಧರಾಗಿದ್ದಾರೆ. ಡಬ್ಬಿಯನ್ನು ಹೊತ್ತಿಗೆ ಸರಿಯಾಗಿ ತುಂಬಿಸಿಟ್ಟವರನ್ನು ಯಾರೂ ಹೊಗಳಿಲ್ಲ, ಅದಿರಲಿ. ಡಬ್ಬಿ ತಂದೆಯದಾದರೆ ನಾಳೆ ಏನೆಂದು ಯೋಚಿಸುವುದು, ಸಂಜೆಯೇ ಕಾಳನ್ನು ನೆನೆಹಾಕುವುದು, ತರಕಾರಿ ತರುವುದು, ಬೇಯಿಸುವುದು, ಮರಳಿ ಬಂದ ಡಬ್ಬಿಯನ್ನು ತೊಳೆಯುವುದು ಎಲ್ಲವೂ ತಂದೆಯದೇ. “ಉಪ್ಪು ಎಲ್ಲಿದೆ?” ಎಂದು ನಾಲ್ಕು ಸಲ ಕೂಗಿ ಕೇಳುವವರೆಗೆ ಕೆಲಸ ಹಂಚಿಕೆಯಾಗಿಲ್ಲ. ತಾಯಿಯೂ ತನ್ನ ಕಡೆಯಿಂದ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ. ಪಲ್ಯದ ಹೋಳು ದಪ್ಪವಾಯಿತು, ಬಟ್ಟೆಯನ್ನು ಮಡಿಸಿದ್ದು ಸರಿಯಾಗಲಿಲ್ಲ ಎಂದು ಹಿಂದಿನಿಂದ ನಿಂತು ತಿದ್ದುತ್ತಿದ್ದರೆ ಕಲಿಯುವವನು ನಾಲ್ಕನೆಯ ದಿನಕ್ಕೆ ಕೈಬಿಡುತ್ತಾನೆ. ಕೆಲವರು ಕೈಬಿಡುವುದಕ್ಕಾಗಿಯೇ ಕೆಟ್ಟದಾಗಿ ಮಾಡುತ್ತಾರೆಂಬುದನ್ನೂ ನಾನು ಬಲ್ಲೆ. ಗೃಹಪಾಠದಲ್ಲಿ ನಿಮ್ಮಲ್ಲಿ ಕೆಲವರು ಹೂಡುವ ಉಪಾಯವೇ ಅದು.

ನ್ಯಾಯವಾದ ಹಂಚಿಕೆಯೆಂದರೆ ಪ್ರತಿಯೊಂದನ್ನೂ ತಕ್ಕಡಿಯಲ್ಲಿಟ್ಟು ಅರ್ಧರ್ಧ ಮಾಡುವುದಲ್ಲ. ವಿರಾರದಿಂದ ಚರ್ಚ್‌ಗೇಟಿಗೆ ಲೋಕಲ್ ಗಾಡಿಯಲ್ಲಿ ದಿನಾಲು ಹೋಗಿಬರುವವನಿಗೂ ಮನೆಯ ಕೆಳಗಡೆಯೇ ಅಂಗಡಿಯಿರುವವನಿಗೂ ಒಂದೇ ಪಟ್ಟಿ ಆಗದು. ರಾತ್ರಿ ಪಾಳಿಯ ತಾಯಿ ಹಗಲು ಮಲಗಲೇಬೇಕು. ಒಬ್ಬರಿಗೆ ಕಾಯಿಲೆಯಾದಾಗ ಇನ್ನೊಬ್ಬರ ಪಾಲು ಹೆಚ್ಚುತ್ತದೆ. ಅಳತೆಯನ್ನು ಕೆಲಸದಿಂದ ಮಾಡುವುದಕ್ಕಿಂತ ಬಿಡುವಿನಿಂದ ಮಾಡುವುದು ಸುಲಭ. ದಿನದ ಕೊನೆಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೈತೊಳೆದು ಕುಳಿತುಕೊಳ್ಳುತ್ತಾರೆಯೆ? ಒಬ್ಬರು ಒಂಬತ್ತು ಗಂಟೆಗೆ ಟಿ.ವಿ.ಯ ಮುಂದೆ ಕುಳಿತು ಇನ್ನೊಬ್ಬರು ಹನ್ನೊಂದಕ್ಕೆ ಮೋರಿಯನ್ನು ತೊಳೆಯುತ್ತಿದ್ದರೆ, ಹಗಲು ಯಾರು ಏನು ಮಾಡಿದರೆಂಬ ವಾದದಿಂದ ಪ್ರಯೋಜನವಿಲ್ಲ. “ಎಲ್ಲ ನಿಮಗಾಗಿಯೇ” ಎಂದು ಹೆಚ್ಚುಹೆಚ್ಚು ಹೊತ್ತು ಹೊರಗೆ ದುಡಿಯುವವರು ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನನ್ನು ನೆನೆಯಬಹುದು. ಅವನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವನ ಪತ್ನಿ ಲಕ್ಕಮ್ಮನು ಮೆಚ್ಚಿಕೊಳ್ಳಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು.

ಮನೆಯೊಳಗಿನ ಈ ವಿಷಯದಲ್ಲಿ ಕಾನೂನಿಗೇನು ಕೆಲಸವೆಂದು ಕೇಳಬಹುದು. ಸ್ವೀಡನ್ ದೇಶದ ಉದಾಹರಣೆ ಬೋಧಪ್ರದವಾಗಿದೆ. ಅಲ್ಲಿ 1974ರಲ್ಲಿ ತಾಯಿಯ ಹೆರಿಗೆ ರಜೆಯನ್ನು ಬದಲಿಸಿ, ತಂದೆತಾಯಿಗಳಿಬ್ಬರಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ರಜೆಯನ್ನಾಗಿ ಮಾಡಿದರು. ತಂದೆಯರು ತೆಗೆದುಕೊಂಡರೇ? ಮೊದಲ ವರ್ಷ ನೂರು ದಿನಗಳಲ್ಲಿ ಒಂದು ದಿನದಷ್ಟೂ ಇಲ್ಲ. 1995ರಲ್ಲಿ ಒಂದು ತಿಂಗಳನ್ನು ತಂದೆಗೇ ಮೀಸಲಿಟ್ಟರು. ಅವನು ತೆಗೆದುಕೊಳ್ಳದಿದ್ದರೆ ಅದು ತಾಯಿಗೂ ಸಿಕ್ಕದೆ ನಷ್ಟವಾಗುತ್ತಿತ್ತು. 2002ರಲ್ಲಿ ಅದು ಎರಡು ತಿಂಗಳಾಯಿತು, 2016ರಲ್ಲಿ ಮೂರು. ಈಗ ಅಲ್ಲಿ ಸುಮಾರು ಶೇಕಡಾ 30ರಷ್ಟು ದಿನಗಳನ್ನು ತಂದೆಯರು ಬಳಸುತ್ತಾರೆ. ನಮ್ಮಲ್ಲಿ 1961ರ ಕಾಯಿದೆಯಂತೆ 12 ವಾರಗಳಿದ್ದ ತಾಯಿಯ ಹೆರಿಗೆ ರಜೆ 2017ರಲ್ಲಿ 26 ವಾರಗಳಾದದ್ದು ದೊಡ್ಡ ಸುಧಾರಣೆ. ಆದರೆ ಕೇಂದ್ರ ಸರಕಾರದ ನೌಕರನಾದ ತಂದೆಗೆ ಸಿಕ್ಕುವುದು 15 ದಿನ. ಮಕ್ಕಳ ಆರೈಕೆಗೆಂದು 730 ದಿನಗಳವರೆಗೆ ಕೊಡುವ ಇನ್ನೊಂದು ರಜೆಯು ಆ ನೌಕರರಲ್ಲಿ ಸ್ತ್ರೀಯರಿಗೂ ಒಂಟಿ ತಂದೆಯರಿಗೂ ಮಾತ್ರ ಉಂಟು. ಹೆಂಡತಿಯಿರುವ ತಂದೆಗೆ ಇಲ್ಲ. ಹೆಂಡತಿಯಿದ್ದಾಳಲ್ಲ ಎಂಬುದೇ ಅದರ ಅರ್ಥವಿರಬೇಕು.

ಆ ವಿದ್ಯಾರ್ಥಿನಿಯ ತಂದೆಯವರನ್ನು ನಾನು ಮುಂದೊಂದು ಸಂಜೆ ಕಂಡೆ. ಸಜ್ಜನರು. ಮಗಳು ಒಂದು ವಾರ ಬರೆದಿಟ್ಟಿದ್ದ ಪಟ್ಟಿಯನ್ನು ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಕೊನೆಗೆ, “ಸಂಜೆ ಮಗುವಿಗೆ ಕೊಡುವ ಗಂಜಿಗೆ ಒಂದು ಹಿಡಿ ಅಕ್ಕಿಗೆ ನೀರು ಎಷ್ಟು, ಸರ್?” ಎಂದು ಕೇಳಿದರು. ನನಗೂ ತಿಳಿದಿರಲಿಲ್ಲ. ಇಬ್ಬರೂ ಹೋಗಿ ಆ ಹುಡುಗಿಯನ್ನೇ ಕೇಳಿದೆವು.

ಆ ಪಟ್ಟಿಯನ್ನೇ ಈಗ ನಿಮಗೂ ಅಭ್ಯಾಸಕ್ಕಾಗಿ ಕೊಡುತ್ತೇನೆ. ಒಂದು ಹಾಳೆಯ ಎಡಗಡೆಗೆ ಬೆಳಗಿನ ನಾಲ್ಕರಿಂದ ರಾತ್ರಿ ಹನ್ನೆರಡರವರೆಗೆ ಅರ್ಧರ್ಧ ಗಂಟೆಗಳನ್ನು ಬರೆಯಿರಿ. ಮನೆಯಲ್ಲಿರುವ ಒಬ್ಬೊಬ್ಬರಿಗೂ ಒಂದೊಂದು ಕಾಲಮು ಹಾಕಿ, ನಿಮಗೂ ಒಂದು. ಸೋಮವಾರದಿಂದ ರವಿವಾರದವರೆಗೆ ಕಂಡದ್ದನ್ನು ಕಂಡಂತೆ ಬರೆಯಿರಿ. ಕೆಲಸವೋ ಅಲ್ಲವೋ ಎಂಬ ಸಂಶಯ ಬಂದಲ್ಲಿ ಮಾರ್ಗರೆಟ್ ರೀಡರ ಪರೀಕ್ಷೆಯನ್ನು ಹಚ್ಚಿ. ನೀವು ಮಲಗಿರುವಾಗ ನಡೆದ ಕೆಲಸಗಳನ್ನು ಕೇಳಿ ತಿಳಿಯಿರಿ. ಅಂಥವು ನೀವು ಎಣಿಸಿದ್ದಕ್ಕಿಂತ ಹೆಚ್ಚಿರುತ್ತವೆ. ನೆನಪಿನ ಕೆಲಸಗಳಿಗೆ ಹಾಳೆಯ ಹಿಂಬದಿಯನ್ನು ಬಳಸಿ: ಈ ವಾರ ಮನೆಯಲ್ಲಿ ಏನೇನು ನೆನಪಿಡಬೇಕಾಗಿತ್ತು, ಯಾರು ನೆನಪಿಟ್ಟರು. ಪಟ್ಟಿ ಮುಗಿದ ಮೇಲೆ ಅದನ್ನು ತಂದೆತಾಯಿಗಳಿಬ್ಬರೂ ಜೊತೆಗೆ ಕುಳಿತಿರುವಾಗ ತೋರಿಸಿ, ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ತೋರಿಸಬೇಡಿ. ನನಗೆ ತಂದುಕೊಡುವಾಗ ಯಾರ ಹೆಸರನ್ನೂ ಬರೆಯಬೇಕಾಗಿಲ್ಲ. ಕಾಲಮುಗಳ ಮೊತ್ತ ಮಾತ್ರ ಸರಿಯಾಗಿರಲಿ.